ಮಧ್ಯಾಹ್ನದ ಪ್ರಯೋಗಶಾಲೆ

ಮನೆಯಲ್ಲೇ ಕೂತು ಕೆಲಸ ಮಾಡುವುದು ಎಷ್ಟು ಅನುಕೂಲ ಎಂದು ಯಾರಾದರೂ ನನ್ನೆದುರು ಹೇಳಿದರೆ ನಾನು ಎದ್ದು ಅಡುಗೆಮನೆಗೆ ಹೋಗಿಬಿಡುತ್ತೇನೆ. ವಾದ ಮಾಡುವ ಚಪಲ ನನಗೇನೂ ಕಡಿಮೆಯಿಲ್ಲ. ಆದರೆ ಈ ಒಂದು ವಿಷಯದಲ್ಲಿ ಬಾಯಿ ತೆರೆದರೆ ದನಿ ನಡುಗುತ್ತದೆ, ಅದು ನನಗೆ ಇಷ್ಟವಿಲ್ಲ. ಬರೆಯುವಾಗ ದನಿ ನಡುಗಿದ್ದು ಯಾರಿಗೂ ಗೊತ್ತಾಗುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ, ಮದುವೆಯಾಗಿ ಪುಣೆಗೆ ಬಂದಿದ್ದ ನಾನು ಅಲ್ಲಿ ಭೌತಶಾಸ್ತ್ರದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದೆ. ಮಾವನವರು ವಿಜಾಪುರದ ಕಡೆಯಿಂದ ಚಿಕ್ಕ ವಯಸ್ಸಿನಲ್ಲೇ ಬಂದು, ಇಲ್ಲಿನ ಕಚೇರಿಯೊಂದರಲ್ಲಿ ಕಾರಕೂನರಾಗಿದ್ದು ನಿವೃತ್ತರಾದವರು. ಗಂಡ ಕುರಕುಂಭದ ರಾಸಾಯನಿಕ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. ಬೆಳಕು ಹರಿಯುವ ಮುಂಚೆ ಕಂಪನಿ ಬಸ್ಸು ಹತ್ತಿದರೆ ಕತ್ತಲಾದ ಮೇಲೆ ಇಳಿಯುವುದು. ಮದುವೆಗೆ ಮುಂಚೆ ನಾನು ಕೇಳಿದ್ದು ಒಂದೇ ಮಾತು, ಓದು ಮುಂದುವರಿಸಲು ಬಿಡಬೇಕು ಎಂದು. ಒಪ್ಪಿದರು, ಒಪ್ಪಿದಂತೆಯೇ ನಡೆದುಕೊಂಡರು. ಈ ಕತೆಯಲ್ಲಿ ಕೆಟ್ಟವರು ಯಾರೂ ಇಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಒಬ್ಬರಾದರೂ ಇದ್ದಿದ್ದರೆ ಬೈಯಲಿಕ್ಕೆ ಒಂದು ಮುಖ ಸಿಗುತ್ತಿತ್ತು.

ನನ್ನ ಕೆಲಸ ಒಂದು ಬಗೆಯ ಕಪ್ಪು ಗಾಜಿನದು. ದೊಡ್ಡ ಕುಂಕುಮದ ಬೊಟ್ಟಿನಷ್ಟು ಅಗಲದ ಬಿಲ್ಲೆ. ಅದನ್ನು ಹೋಲ್ಡರಿನ ಎರಡು ಲೋಹದ ತುಂಡುಗಳ ನಡುವೆ ಸಿಕ್ಕಿಸಿ, ಉಕ್ಕಿನ ಕೊಳವೆಯೊಳಗೆ ಇಳಿಸಿ, ಪಂಪು ಹಚ್ಚಿ ಗಾಳಿ ತೆಗೆದು, ಹೊರಗಿನಿಂದ ಲಿಕ್ವಿಡ್ ನೈಟ್ರೋಜನ್ ಸುರಿದು ತಣ್ಣಗೆ ಮಾಡಬೇಕು. ಆಮೇಲೆ ಅದು ಮೆಲ್ಲಗೆ ಬೆಚ್ಚಗಾಗುತ್ತ ಬರುವಾಗ ಅದರ ಮೂಲಕ ಎಷ್ಟು ವಿದ್ಯುತ್ ಹರಿಯುತ್ತದೆ ಎಂದು ಅಳೆಯುತ್ತ ಹೋಗಬೇಕು. ಹರಿಯುವುದು ಎಂದರೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಅದನ್ನು ಹಿಡಿಯಲು ಎಲೆಕ್ಟ್ರೋಮೀಟರ್ ಎಂಬ ಉಪಕರಣವಿತ್ತು. ಪಕ್ಕದಲ್ಲಿ ಯಾರಾದರೂ ನೈಲಾನ್ ಸೀರೆ ಉಟ್ಟು ಓಡಾಡಿದರೂ ಅದರ ಅಂಕೆಗಳು ಹೌಹಾರುತ್ತಿದ್ದವು. ಬೆಳಿಗ್ಗೆ ಕೂತರೆ ಸಂಜೆಯವರೆಗೆ ಏಳುವಂತಿಲ್ಲ. ಉಷ್ಣತೆ ನೋಡು, ಮೀಟರು ನೋಡು, ಬರೆ; ಮತ್ತೆ ನೋಡು, ಬರೆ. ನೋಡುವವರಿಗೆ ಇದಕ್ಕಿಂತ ಬೇಸರದ ಕೆಲಸ ಇನ್ನೊಂದಿಲ್ಲ. ನನಗೆ ಮಾತ್ರ ಅಲ್ಲಿ ಕೂತಾಗ ನಾನು ಯಾರ ಹೆಂಡತಿ, ಯಾರ ಸೊಸೆ ಎಂಬುದೂ ಮರೆತುಹೋಗುತ್ತಿತ್ತು. ಆ ಸ್ಟೂಲಿನ ಮೇಲೆ ಕೂತಷ್ಟು ಸುಖವಾಗಿ ನಾನು ಇನ್ನೆಲ್ಲೂ ಕೂತಿಲ್ಲ.

ಅಂಥ ಒಂದು ದಿನ ಅತ್ತೆ ಬಚ್ಚಲಲ್ಲಿ ಬಿದ್ದರು. ಬಿದ್ದದ್ದಲ್ಲ, ಲಕ್ವ ಹೊಡೆದದ್ದು ಎಂದು ಆಸ್ಪತ್ರೆಯಲ್ಲಿ ಗೊತ್ತಾಯಿತು. ಬಲಗಡೆ ಪೂರ್ತಿ ಹೋಯಿತು, ಮಾತು ತಡವರಿಸತೊಡಗಿತು. ಮನೆಗೆ ಕರೆತಂದ ಮೇಲೆ ಹಗಲಿಗೊಬ್ಬ ಹೆಂಗಸನ್ನು ಇಟ್ಟೆವು. ಅತ್ತೆ ಅವಳ ಕೈಯಿಂದ ನೀರು ಕುಡಿಯುತ್ತಿದ್ದರು, ಮಾತ್ರೆ ನುಂಗುತ್ತಿದ್ದರು. ಬಟ್ಟೆ ಬದಲಿಸಲು, ಮೈ ಒರೆಸಲು ಮಾತ್ರ ಬಿಡಲಿಲ್ಲ. ಮಡಿಯ ಮಾತಲ್ಲ ಅದು, ನಾಚಿಕೆ. "ಹೊರಗಿನಾಕಿ ಮುಂದ ನಾ ಹೆಂಗ ಬತ್ತಲೆ ಆಗ್ಲಿ?" ಎಂದು ನೆಟ್ಟಗಿದ್ದ ಎಡಗೈಯಿಂದ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡು ಅಳುತ್ತಿದ್ದರು. ನಾನು ಹತ್ತಿರ ಹೋದರೆ ಆ ಕೈ ಸಡಿಲಾಗುತ್ತಿತ್ತು. ಹೆಂಗಸು ಕೆಲಸ ಬಿಟ್ಟಳು, ನಾನು ಲ್ಯಾಬು ಬಿಟ್ಟೆ.

ಬಿಟ್ಟೆ ಎಂದು ಬರೆದದ್ದು ಸುಲಭ. ಪಿಎಚ್‌.ಡಿ. ನೋಂದಣಿಗೊಂದು ಅವಧಿ ಇರುತ್ತದೆ. ಆ ಅವಧಿಯೊಳಗೆ ಅಳತೆಗಳು ಮುಗಿಯದಿದ್ದರೆ ಹೆಸರು ತೆಗೆದುಹಾಕುತ್ತಾರೆ. ಅರ್ಧ ಕೆಲಸವಾಗಿತ್ತು. ಇನ್ನರ್ಧಕ್ಕೆ ದಿನಗಟ್ಟಲೆ ಆ ಮೀಟರಿನ ಮುಂದೆ ಯಾರಾದರೂ ಕೂರಬೇಕು, ಆ ಯಾರಾದರೂ ನಾನೇ ಆಗಬೇಕು. ಗೈಡ್ ಆಗಿದ್ದವರು ಮರಾಠಿ ಪ್ರಾಧ್ಯಾಪಕರು, ಮೃದು ಮಾತಿನವರು. ಅವರ ಕೋಣೆಯಲ್ಲಿ ಕೂತು ಅತ್ತೆಯ ಸಮಾಚಾರ ಹೇಳುವಷ್ಟರಲ್ಲಿ ನನಗೇ ನಾಚಿಕೆಯಾಗುವ ಹಾಗೆ ಅಳು ಬಂತು. ಅವರು ಕಿಟಕಿಯ ಕಡೆ ನೋಡುತ್ತ ಕೂತಿದ್ದು, ಆಮೇಲೆ ಕೇಳಿದರು: ಆ ಮೀಟರಿಗೆ ಹಿಂದುಗಡೆ ಕಂಪ್ಯೂಟರಿನ ಸಾಕೆಟ್ ಇದೆ, ಇಷ್ಟು ವರ್ಷ ಅದರ ಮುಚ್ಚಳ ಸಹ ನಾವು ತೆಗೆದಿಲ್ಲ. ಕಂಪ್ಯೂಟರೇ ಓದಲಿ, ನೀನು ಮನೆಯಿಂದ ಫೋನಿನ ಮೇಲೆ ಕಂಪ್ಯೂಟರಿಗೆ ಹೇಳು. ಆಗುತ್ತದೆಯೇ?

ಆಗುತ್ತದೆ ಎಂದೆ. ಹೇಗೆ ಎಂದು ನನಗೆ ಗೊತ್ತಿರಲಿಲ್ಲ.

ನಾದಿನಿ ಬಾರಾಮತಿಯಿಂದ ಬಂದು ಕೆಲವು ವಾರ ಅತ್ತೆಯನ್ನು ನೋಡಿಕೊಂಡಳು. ಆ ವಾರಗಳಲ್ಲಿ ನಾನು ದೆವ್ವ ಹಿಡಿದವಳ ಹಾಗೆ ದುಡಿದೆ. ಹಳೆಯ ಕಂಪ್ಯೂಟರಿನ ಹೊಟ್ಟೆ ಬಿಚ್ಚಿ ಒಂದು ಕಾರ್ಡು ಕೂರಿಸಿದೆ. ಹೆಬ್ಬೆರಳು ಗಾತ್ರದ ಕೇಬಲ್ಲಿನಿಂದ ಎಲೆಕ್ಟ್ರೋಮೀಟರನ್ನೂ ಉಷ್ಣತೆಯ ಕಂಟ್ರೋಲರನ್ನೂ ಒಂದಕ್ಕೊಂದು ಪೋಣಿಸಿದೆ. ಕಂಪ್ಯೂಟರ್ ಕೇಳಿದರೆ ಕಸ ಬರುತ್ತಿತ್ತು, ಅಂಕೆಗಳ ನಡುವೆ ಅರ್ಥವಿಲ್ಲದ ಅಕ್ಷರಗಳು. ತಲೆ ಕೆಟ್ಟುಹೋಯಿತು. ಕೊನೆಗೆ ನೋಡಿದರೆ ಪ್ರತಿ ಉಪಕರಣಕ್ಕೂ ಬೆನ್ನಿನಲ್ಲಿ ಪುಟಾಣಿ ಬಿಳಿ ಸ್ವಿಚ್ಚುಗಳಿಂದ ಒಂದು ವಿಳಾಸ ಕೊಡಬೇಕಿತ್ತು, ಎರಡಕ್ಕೂ ಒಂದೇ ವಿಳಾಸವಿತ್ತು. ಒಬ್ಬರನ್ನು ಕರೆದರೆ ಇಬ್ಬರೂ ಓ ಅನ್ನುತ್ತಿದ್ದರು. ಪೆನ್ನಿನ ತುದಿಯಿಂದ ಒಂದು ಸ್ವಿಚ್ಚು ಸರಿಸಿದೆ. ಮತ್ತೆ ಕೇಳಿದೆ. ಮೀಟರಿನೊಳಗೆ ಟಕ್ ಎಂದು ಸದ್ದಾಯಿತು, ಮುಂದುಗಡೆ ಒಂದು ಕೆಂಪು ದೀಪ ಹತ್ತಿತು, ಪರದೆಯ ಮೇಲೆ ಒಂದೇ ಒಂದು ಸಂಖ್ಯೆ ಮೂಡಿತು. ಅಲ್ಲೇ ಪಕ್ಕದಲ್ಲಿ ಓದುತ್ತಿದ್ದ, ಭೋರ ಎಂಬ ಊರಿನ ಹುಡುಗಿ, ನನಗಿಂತ ಒಂದೆರಡು ವರ್ಷ ತಡವಾಗಿ ಪಿಎಚ್‌.ಡಿ.ಗೆ ಸೇರಿದವಳು, ಓಡಿಬಂದು ನನ್ನನ್ನು ತಬ್ಬಿಕೊಂಡಳು. ಆ ಕೆಂಪು ದೀಪ ಹತ್ತಿದಾಗ ಮೀಟರಿನ ಗುಂಡಿಗಳನ್ನು ಎಷ್ಟು ಒತ್ತಿದರೂ ಅದು ಕೇಳುತ್ತಿರಲಿಲ್ಲ, ಕಂಪ್ಯೂಟರಿನ ಮಾತು ಮಾತ್ರ ಕೇಳುತ್ತಿತ್ತು. ನಾವಿಬ್ಬರೂ ಒತ್ತಿ ಒತ್ತಿ ನಕ್ಕೆವು.

ಫೋನಿನ ಪಾಡು ಬೇರೆ. ವಿಭಾಗದಲ್ಲಿ ನೇರ ಲೈನು ಇದ್ದದ್ದು ಗೈಡಿನ ಕೋಣೆಯಲ್ಲಿ ಮಾತ್ರ. ವೆಂಟಿಲೇಟರಿನ ಮೂಲಕ ತಂತಿ ಎಳೆದು ಪಕ್ಕದ ಲ್ಯಾಬಿನ ಮೋಡೆಮ್‌ಗೆ ಕೊಟ್ಟೆ. ಮಧ್ಯಾಹ್ನ ಅವರು ಊಟಕ್ಕೆ ಮನೆಗೆ ಹೋಗಿ ಮಲಗುತ್ತಿದ್ದರಿಂದ ಆ ಹೊತ್ತು ಲೈನು ನನ್ನದು. ಒಂದೆರಡು ಸಲ ಯಾರೋ ದೊಡ್ಡವರು ಅವರಿಗೆ ಫೋನು ಮಾಡಿ, ಕಿವಿಗೆ ಮೋಡೆಮ್ಮಿನ ಶಿಳ್ಳೆ ಹೊಡೆಸಿಕೊಂಡು, ವಿಭಾಗದಲ್ಲಿ ಶಿಸ್ತೇ ಇಲ್ಲ ಎಂದು ದೂರಿದರಂತೆ. ಗೈಡು ನಕ್ಕುಬಿಟ್ಟರು.

ನಮ್ಮ ಮನೆಯಲ್ಲಿ ಮಾತ್ರ ಆ ಮಧ್ಯಾಹ್ನವೇ ತೊಂದರೆ. ಪುಣೆಯಲ್ಲಿ ಮಧ್ಯಾಹ್ನದ ನಿದ್ದೆ ಎಂದರೆ ನಿದ್ದೆಯಲ್ಲ, ಹಕ್ಕು. ಅಂಗಡಿಗಳೇ ಬಾಗಿಲು ಎಳೆದುಕೊಳ್ಳುವಾಗ ಮನುಷ್ಯರ ಮಾತೇನು? ಮಾವನವರು ವಿಜಾಪುರದ ಭಾಷೆ ಬಿಟ್ಟಿರಲಿಲ್ಲ, ಜೋಳದ ರೊಟ್ಟಿ ಬಿಟ್ಟಿರಲಿಲ್ಲ, ಆದರೆ ಈ ಒಂದು ವಿಷಯದಲ್ಲಿ ಹಳೇ ಪುಣೆಯ ಸದಾಶಿವ ಪೇಠೆಯವರನ್ನೂ ಮೀರಿಸಿದ್ದರು. ಊಟ ಮುಗಿಸಿ, ಫೋನಿನ ರಿಸೀವರನ್ನು ಎತ್ತಿ ಪಕ್ಕಕ್ಕಿಟ್ಟು, ಅದು ಕೂಗತೊಡಗಿದರೆ ಅದರ ಮೇಲೊಂದು ಟವೆಲ್ ಮುಚ್ಚಿ ಮಲಗುತ್ತಿದ್ದರು. ನನಗೆ ಬಿಡುವು ಸಿಗುತ್ತಿದ್ದದ್ದೂ ಅತ್ತೆ ಮಲಗಿದ ಆ ಹೊತ್ತಿನಲ್ಲಿ ಮಾತ್ರ. ಹಾಗಾಗಿ ಅವರ ಎದುರು ಹೋಗಿ ನಿಂತೆ.

"ಮಾಮಾ, ಮಧ್ಯಾಹ್ನ ಫೋನ್ ಎತ್ತಿ ಬಾಜೂಕ ಇಡಬ್ಯಾಡ್ರಿ. ನನಗ ಲೈನ್ ಬೇಕ್ರಿ."

"ಗಂಟಿ ಹೊಡ್ಕೊಂಡ್ರ? ಆಕಿ ಎಚ್ಚರಾಗ್ತಾಳ."

"ಹೊಡ್ಕೊಳ್ಳಂಗಿಲ್ರಿ. ನಾನ ಹಚ್ಚಿರ್ತೀನಿ, ಹೊರಗಿಂದು ಬರಂಗಿಲ್ಲ."

ಅವರು ಅರ್ಧ ಮನಸ್ಸಿನಿಂದ ಒಪ್ಪಿದರು. ನಾನು ಮೋಡೆಮ್ಮಿನ ಸದ್ದು ಅಡಗಿಸಿ, ಹಾಲಿನ ಮೂಲೆಯಲ್ಲಿ, ಅತ್ತೆಯ ಹಾಸಿಗೆ ಕಾಣುವ ಹಾಗೆ ಗಂಡ ಎಲ್ಲಿಂದಲೋ ಹಳೆಯದು ತಂದುಕೊಟ್ಟ ಕಂಪ್ಯೂಟರ್ ಇಟ್ಟುಕೊಂಡೆ. ಬೆಳಿಗ್ಗೆ ವಿಭಾಗದ ಸಹಾಯಕ ನೈಟ್ರೋಜನ್ ಸುರಿದು ಪಂಪು ಹಚ್ಚಿಡುತ್ತಿದ್ದ. ಮಧ್ಯಾಹ್ನ ನಾನು ಇಲ್ಲಿಂದ ಕರೆ ಹಚ್ಚಿ, ಕಪ್ಪು ಪರದೆಯ ಮೇಲೆ ಹಸಿರು ಅಕ್ಷರಗಳಲ್ಲಿ ಎಷ್ಟು ವೋಲ್ಟೇಜು ಕೊಡಬೇಕು, ಎಷ್ಟು ನಿಧಾನ ಬೆಚ್ಚಗಾಗಬೇಕು ಎಂದು ಬರೆದು ಕಳಿಸುತ್ತಿದ್ದೆ. ಊರಿನ ಆ ಕಡೆಯ ಮೀಟರು ಈ ಕಡೆಯ ನನ್ನ ಮಾತು ಕೇಳಿ ಲೆಕ್ಕ ಒಪ್ಪಿಸುತ್ತಿತ್ತು. ಒಂದೊಂದಾಗಿ ಅಂಕೆಗಳು ಇಳಿದು ಬರುವುದನ್ನು ನೋಡುತ್ತ ನಾನು ಹತ್ತಿಯ ಬತ್ತಿ ಹೊಸೆಯುತ್ತಿದ್ದೆ, ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದೆ. ಆ ಮಳೆಗಾಲ ನಾನು ಸುಖವಾಗಿದ್ದೆ. ಹೇಳಿಕೊಳ್ಳಲು ಈಗ ಸಂಕಟವಾಗುತ್ತದೆ, ಆದರೆ ಇದ್ದೆ.

ಮಾವನವರ ಹೆಮ್ಮೆ ಹೇಳತೀರದು. ಬಂದವರಿಗೆಲ್ಲ ಕಂಪ್ಯೂಟರಿನ ಮೇಲಿನ ಹೊದಿಕೆ ತೆಗೆದು ತೋರಿಸುವರು. "ನಮ್ ಸೊಸಿ ಮನ್ಯಾಗ ಕುಂತು ಪಿಎಚ್‌ಡಿ ಮಾಡ್ಲಿಕ್ಕತ್ತಾಳ ನೋಡ್ರಿ. ಮಷೀನ್ ಅಲ್ಲಿ ಅದ, ಹುಕುಮ್ ಇಲ್ಲಿಂದ!" ವಿಭಾಗದಲ್ಲೂ ಅಷ್ಟೇ. ಹೊರಗಿನವರು ಬಂದರೆ ಗೈಡು ಅವರನ್ನು ನನ್ನ ಖಾಲಿ ಸ್ಟೂಲಿನ ಮುಂದೆ ನಿಲ್ಲಿಸಿ, ಯಾರೂ ಮುಟ್ಟದೆ ಅಂಕೆ ಬದಲಾಗುವುದನ್ನು ತೋರಿಸುತ್ತಿದ್ದರಂತೆ. ಸ್ವಲ್ಪ ದಿನಕ್ಕೆ ನನ್ನ ಮೇಜನ್ನು ಹೊಸದಾಗಿ ಸೇರಿದವರೊಬ್ಬರಿಗೆ ಕೊಟ್ಟರು. ಯಾಕೆ ಕೊಟ್ಟಿರಿ ಎಂದು ಕೇಳುವಂತಿರಲಿಲ್ಲ. ಜಾಗ ಕಡಿಮೆ, ನಾನು ಮನೆಯಿಂದಲೇ ಮಾಡುತ್ತಿದ್ದೆನಲ್ಲ.

ಮೊದಮೊದಲು ಸ್ಯಾಂಪಲ್, ಅಂದರೆ ಆ ಗಾಜಿನ ಬಿಲ್ಲೆ, ಬದಲಿಸಲು ಆಗಾಗ ಹೋಗುತ್ತಿದ್ದೆ. ಗಣಪತಿ ಹಬ್ಬ ಮುಗಿಯುವ ಹೊತ್ತಿಗೆ ಅತ್ತೆ ದಿಂಬಿಗೆ ಒರಗಿ ಕೂರುವಂತಾದರು. ವಾರದಲ್ಲಿ ಒಂದೆರಡು ದಿನವಾದರೂ ಲ್ಯಾಬಿಗೆ ಹೋಗಿ ಕೂರುತ್ತೇನೆ ಎಂದೆ. ಮಾವನವರು ನಿಜಕ್ಕೂ ಆಶ್ಚರ್ಯಪಟ್ಟರು.

"ಈಗ ಯಾಕ ಹೋಗೂದವಾ? ಎಲ್ಲಾ ಮನಿಗೇ ಬಂದದಲ್ಲ."

ಗಂಡನೂ ಅದನ್ನೇ ಹೇಳಿದರು. ಗೈಡಿಗೆ ಫೋನು ಮಾಡಿದರೆ, ನೀನು ಅಷ್ಟು ಕಷ್ಟಪಟ್ಟು ಹಾಕಿದ ವ್ಯವಸ್ಥೆ ಇಷ್ಟು ಚೆನ್ನಾಗಿ ನಡೆಯುತ್ತಿರುವಾಗ ಬಸ್ಸಿನಲ್ಲಿ ಯಾಕೆ ಒದ್ದಾಡುತ್ತೀ ಎಂದು ಕಕ್ಕುಲಾತಿಯಿಂದ ಕೇಳಿದರು. ನನಗೆ ಅಲ್ಲಿ ಕೂರಬೇಕು ಅನ್ನಿಸುತ್ತದೆ ಎಂದು ಹೇಳಲು ಬಾಯಿ ಬರಲಿಲ್ಲ. ಅದೊಂದು ಕಾರಣ ಎಂದು ಯಾರು ಒಪ್ಪುತ್ತಾರೆ? ನನ್ನ ಕೈಯಾರೆ ಕಟ್ಟಿದ ಸಾಧನವೇ ನನ್ನನ್ನು ಆ ಕೋಣೆಯಿಂದ ಹೊರಗೆ ಹಾಕಿತ್ತು, ಮತ್ತು ಎಲ್ಲರೂ ಅದಕ್ಕಾಗಿ ನನ್ನನ್ನು ಹೊಗಳುತ್ತಿದ್ದರು.

ಖಂಡೇನವಮಿ ಬಂತು. ಆ ದಿನ ಮನೆಯಲ್ಲಿ ಇಳಿಗೆ, ಒಳಕಲ್ಲು, ಗಂಡನ ಸ್ಪ್ಯಾನರು, ಎಲ್ಲಕ್ಕೂ ಪೂಜೆ. ನಾನು ಮೋಡೆಮ್ಮಿಗೂ ಅರಿಶಿನ ಕುಂಕುಮ ಹಚ್ಚಿ ಒಂದು ಚೆಂಡುಹೂ ಇಟ್ಟೆ, ಮಾವನವರು ಅದಕ್ಕೂ ಆರತಿ ಎತ್ತಿದರು. ವಿಭಾಗದಲ್ಲೂ ಹಾಗೆಯೇ. ಉಪಕರಣಗಳನ್ನೆಲ್ಲ ಬಿಚ್ಚಿ, ಒರೆಸಿ, ಸಾಲಾಗಿ ಇಟ್ಟು ಪೂಜೆ ಮಾಡುವುದು ಅಲ್ಲಿನ ರೂಢಿ. ಆ ದಿನ ಯಾವುದನ್ನೂ ಚಾಲೂ ಮಾಡುವುದಿಲ್ಲ. ಪ್ರತಿ ವರ್ಷ ಎಲೆಕ್ಟ್ರೋಮೀಟರಿನ ಹಣೆಗೆ ಕುಂಕುಮ ಹಚ್ಚುವುದು ನಾನೇ. ಆ ವರ್ಷ ಹೋಗಲಾಗಲಿಲ್ಲ.

ದಸರೆ ಕಳೆದು ಮತ್ತೆ ಅಳತೆ ಶುರು ಮಾಡಿದರೆ ಅಂಕೆಗಳು ಕುಸಿದಿದ್ದವು. ಮೊದಲಿನದಕ್ಕಿಂತ ಎಷ್ಟೋ ಕಡಿಮೆ ವಿದ್ಯುತ್. ತಂತಿ ಸಡಿಲಾಗಿರಬೇಕು ಎಂದುಕೊಂಡು ಸಹಾಯಕನಿಗೆ ಫೋನು ಮಾಡಿದೆ. ಅವನು ಹೋಗಿ ಎಲ್ಲ ತಂತಿಗಳನ್ನೂ ಅಲುಗಾಡಿಸಿ ನೋಡಿ ಬಂದು, "ಸಗಳಂ ಠೀಕ್ ಆಹೇ, ಮ್ಯಾಡಮ್" ಎಂದ. ಎಲ್ಲ ಸರಿಯಿದೆ. ಮರುದಿನವೂ ಅದೇ ಗೆರೆ, ಅದರ ಮರುದಿನವೂ ಅದೇ, ಒಂದಿಷ್ಟು ಇನ್ನೂ ಕೆಳಗೆ. ತಂತಿ ಸಡಿಲಾಗಿದ್ದರೆ ಅಂಕೆ ಕುಣಿದಾಡಬೇಕು. ಇದು ಕುಣಿಯುತ್ತಿರಲಿಲ್ಲ, ಅಷ್ಟು ಸೊಗಸಾದ ನುಣುಪಾದ ಗೆರೆ. ಗೈಡಿಗೆ ತೋರಿಸಲು ಕಳಿಸಿದೆ. ಅವರು ಬಹಳ ಹೊತ್ತು ನೋಡಿ, ಗಾಜು ಹಣ್ಣಾಗುತ್ತಿದೆ ಎಂದರು. ಇಂಥ ಗಾಜುಗಳು ಕಾಲ ಕಳೆದಂತೆ ಒಳಗೊಳಗೇ ಬದಲಾಗುತ್ತವೆ ಎಂಬ ಮಾತು ಇತ್ತು. ಇಷ್ಟು ಸ್ಪಷ್ಟವಾಗಿ ಅದು ಕಣ್ಣಿಗೆ ಬಿದ್ದಿರಲಿಲ್ಲ. ಈ ಸ್ಯಾಂಪಲನ್ನು ತೆಗೆಯಲೇ ಬೇಡ, ಇದನ್ನೇ ದಿನವೂ ಅಳೆ ಎಂದರು. ಅವರ ದನಿಯಲ್ಲಿ ನಾನು ಅದುವರೆಗೆ ಕೇಳದ ಉತ್ಸಾಹವಿತ್ತು.

ಚಳಿಗಾಲವೆಲ್ಲ ಅದನ್ನೇ ಅಳೆದೆ. ತೆಗೆಯುವಂತಿರಲಿಲ್ಲ, ಆದ್ದರಿಂದ ಹೋಗುವ ನೆಪವೂ ಇರಲಿಲ್ಲ. ಗೆರೆಯಲ್ಲಿ ಒಂದು ಕಡೆ, ಉಷ್ಣತೆ ಸೊನ್ನೆಯನ್ನು ದಾಟುವಲ್ಲಿ, ಒಂದು ಸಣ್ಣ ಗೂನು ಬರುತ್ತಿತ್ತು. ಅದನ್ನು ನೋಡಿದಾಗೆಲ್ಲ ಒಳಗೆ ಏನೋ ಚುಚ್ಚುತ್ತಿತ್ತು. ಒಮ್ಮೆ ಹೋಗಿ ಬಿಚ್ಚಿ ನೋಡಬೇಕು ಅನ್ನಿಸುತ್ತಿತ್ತು. ಅಷ್ಟರಲ್ಲಿ ಒಳಗಿನಿಂದ ಅತ್ತೆ ಕೂಗುತ್ತಿದ್ದರು. ಎದ್ದು ಹೋಗಿ ಬರುವಷ್ಟರಲ್ಲಿ ಗೂನು ದಾಟಿ ಗೆರೆ ಮುಂದೆ ಹೋಗಿರುತ್ತಿತ್ತು. ಕೊನೆಗೆ ಆ ಗೂನಿಗೂ ಒಂದು ಸಿದ್ಧಾಂತ ಹೊಸೆದೆ. ಗಾಜಿನೊಳಗಿನ ಬಂಧಗಳು ಅಲ್ಲಿ ಸಡಿಲಾಗುತ್ತವೆ ಎಂದು ಪುಟಗಟ್ಟಲೆ ಬರೆದೆ. ಒಂದು ಅಧ್ಯಾಯವೇ ಆಯಿತು. ಗೈಡು ಅದರ ಸಾರಾಂಶವನ್ನು ವಿಜ್ಞಾನಿಗಳ ಒಂದು ದೊಡ್ಡ ಸಭೆಗೆ ಕಳಿಸಿದರು, ಅಲ್ಲಿಯವರು ಒಪ್ಪಿಕೊಂಡರು. ಅಂದು ಮನೆಯಲ್ಲಿ ಶಿರಾ ಮಾಡಿದೆವು. ಅತ್ತೆಗೆ ನಾನೇ ಚಮಚದಲ್ಲಿ ತಿನ್ನಿಸಿದೆ.

ಸಭೆಯಲ್ಲಿ ತೋರಿಸಲು ಹಣ್ಣಾದ ಗಾಜಿನ ಫೋಟೋ ಬೇಕಾಯಿತು. ಅದಕ್ಕಾಗಿ ಸ್ಯಾಂಪಲ್ ಹೊರಗೆ ತೆಗೆಯಬೇಕು, ತೆಗೆಯಲು ನಾನೇ ಹೋಗಬೇಕು. ಶಿವರಾತ್ರಿಯ ಆಚೀಚೆ, ನಾದಿನಿ ಮನೆಗೆ ಬಂದಿದ್ದಾಗ, ಬೆಳಿಗ್ಗೆಯೇ ಹೊರಟೆ. ಒಳ್ಳೆಯ ಸೀರೆ ಉಟ್ಟಿದ್ದೆ. ಹತ್ತಿಯದು.

ಭೋರದ ಹುಡುಗಿ ನನ್ನನ್ನು ಕಂಡು ಕೈ ಹಿಡಿದು ಕುಣಿದಳು. ಪಂಪು ನಿಲ್ಲಿಸಿ, ಗಾಳಿ ಬಿಟ್ಟು, ಕೊಳವೆಯಿಂದ ಹೋಲ್ಡರನ್ನು ಮೆಲ್ಲಗೆ ಎತ್ತಿದೆ. ಎರಡು ಲೋಹದ ತುಂಡುಗಳು ಒಂದನ್ನೊಂದು ನೋಡುತ್ತ ನಿಂತಿದ್ದವು. ಅವುಗಳ ನಡುವೆ ಏನೂ ಇರಲಿಲ್ಲ.

ಕೊಳವೆಯ ತಳಕ್ಕೆ ಬಿದ್ದಿರಬೇಕು ಎಂದು ಟಾರ್ಚ್ ಹಾಕಿ ನೋಡಿದೆ. ಇರಲಿಲ್ಲ. ಹುಡುಗಿಯ ಕಡೆ ತಿರುಗಿದೆ. ಅವಳು ತನ್ನ ಡ್ರಾಯರ್ ಎಳೆದು, ಹಿಂದಿನಿಂದ ಫೋಟೋ ರೋಲಿನ ಒಂದು ಡಬ್ಬಿ ತೆಗೆದು ನನ್ನ ಕೈಗಿಟ್ಟಳು. ಒಳಗೆ ಮೆತ್ತನೆಯ ಕಾಗದದಲ್ಲಿ ಸುತ್ತಿದ ನನ್ನ ಕಪ್ಪು ಗಾಜು, ಒಂದು ಗೀರೂ ಇಲ್ಲದೆ. ಖಂಡೇನವಮಿಯ ದಿನ ಎಲ್ಲವನ್ನೂ ಬಿಚ್ಚಿ ಪೂಜೆಗೆ ಇಟ್ಟಾಗ, ಇದರ ಮೇಲೆ ಕುಂಕುಮ ಬಿದ್ದು ಹಾಳಾದರೆ ನನಗೆ ಎಷ್ಟು ನೋವಾದೀತು ಎಂದು ಅವಳೇ ಜೋಪಾನವಾಗಿ ತೆಗೆದಿಟ್ಟಿದ್ದಳು. ಹೋಲ್ಡರಿಗೆ ಅರಿಶಿನ ಕುಂಕುಮ ಹಚ್ಚಿ, ಒರೆಸಿ, ಧೂಳು ಹೋಗದಂತೆ ಕೊಳವೆಯೊಳಗೆ ಇಳಿಸಿಟ್ಟಿದ್ದಳು. ಮರುದಿನ ನನಗೆ ಫೋನು ಮಾಡಬೇಕೆಂದಿದ್ದಳು. ಅಂದೇ ಊರಿಗೆ ಹೋದವಳು ಭೋರದಲ್ಲಿ ಕಾಮಾಲೆ ಹಿಡಿದು ಮಲಗಿಬಿಟ್ಟಳು. ವಾರಗಳ ಮೇಲೆ ಬಂದು ನೋಡಿದರೆ ಅಳತೆ ನಡೆದೇ ಇತ್ತು. ಹಾಗಾದರೆ ತಾಈ ಬಂದು ಬೇರೆ ಸ್ಯಾಂಪಲ್ ಹಾಕಿ ಹೋಗಿದ್ದಾರೆ ಎಂದುಕೊಂಡಳು. ಮರಾಠಿಯಲ್ಲಿ ತಾಈ ಎಂದರೆ ಅಕ್ಕ, ನನ್ನನ್ನು ಹಾಗೇ ಕರೆಯುತ್ತಿದ್ದಳು.

ಅವಳು ಬಿಕ್ಕಿ ಬಿಕ್ಕಿ ಅತ್ತಳು. ನಾನೇ ಸಮಾಧಾನ ಮಾಡಿದೆ, ನೀರು ಕುಡಿಸಿದೆ. ನಾನು ಆ ಸ್ಟೂಲಿನ ಮೇಲೆ ಕೂತಿದ್ದಿದ್ದರೆ ಹೋಲ್ಡರ್ ಇಳಿಸುವ ಮುಂಚೆ ಒಮ್ಮೆ ಕಣ್ಣಾಡಿಸುತ್ತಿದ್ದೆ. ಅಷ್ಟೇ ಸಾಕಿತ್ತು, ಒಂದು ಕಣ್ಣಾಡಿಸುವುದು. ಹಣ್ಣಾದದ್ದು ಗಾಜಲ್ಲ. ಖಾಲಿ ಹೋಲ್ಡರಿನ ಮೇಲೆ ಕೂತಿದ್ದ ಗಾಳಿಯ ತೇವದ ಮೇಲಿಂದ ಸೋರಿದ ವಿದ್ಯುತ್ತನ್ನು ನಾನು ಚಳಿಗಾಲವಿಡೀ ಅಳೆದಿದ್ದೆ. ಪಂಪು ದಿನೇ ದಿನೇ ಆ ತೇವವನ್ನು ಎಳೆಯುತ್ತಿದ್ದರಿಂದ ಗೆರೆ ದಿನೇ ದಿನೇ ಇಳಿಯುತ್ತಿತ್ತು. ಸೊನ್ನೆಯ ಹತ್ತಿರದ ಆ ಗೂನು ಮಂಜು ಕರಗಿ ನೀರಾಗುವುದು. ಅದು ಶಾಲೆಯ ಮಕ್ಕಳಿಗೂ ಗೊತ್ತು. ನಾನು ಅದಕ್ಕೊಂದು ಅಧ್ಯಾಯ ಬರೆದಿದ್ದೆ.

ಗೈಡು ಸಿಟ್ಟಾಗಲಿಲ್ಲ. ಸಿಟ್ಟಾಗಲಿ ಎಂದು ನಾನು ಕಾದು ನಿಂತೆ. ಅವರು ಕನ್ನಡಕ ತೆಗೆದು ಒರೆಸಿ, ಸಭೆಗೆ ಕಳಿಸಿದ್ದನ್ನು ತಾವೇ ಹಿಂದಕ್ಕೆ ತೆಗೆದುಕೊಳ್ಳುವುದಾಗಿ ಹೇಳಿದರು. ನೋಂದಣಿ ಮುಗಿಯುವುದಕ್ಕೆ ಇನ್ನೂ ಸ್ವಲ್ಪ ಸಮಯವಿದೆ, ಬೇಸಿಗೆಯೊಳಗೆ ಎಲ್ಲವನ್ನೂ ಮತ್ತೆ ಅಳೆದುಕೊಡು, ಆದರೆ ಈ ಸಲ ಇಲ್ಲಿ ಕೂತು ಅಳೆಯಬೇಕು, ಮನೆಯಿಂದಲ್ಲ ಎಂದರು.

ರಾತ್ರಿ ಊಟಕ್ಕೆ ಕೂತಾಗ ಮನೆಯಲ್ಲಿ ಹೇಳಿದೆ. ಸ್ಯಾಂಪಲ್ ಇರಲೇ ಇಲ್ಲ, ದಸರೆಯಿಂದ ಈಚೆ ಮಾಡಿದ್ದೆಲ್ಲ ಹೋಯಿತು ಎಂದು. ಗಂಡ ತುತ್ತು ಕೈಯಲ್ಲೇ ಹಿಡಿದು ಕೂತರು. ಮಾವನವರು ನನ್ನ ತಲೆ ಸವರುವಷ್ಟು ಮೆತ್ತಗೆ ಅಂದರು:

"ಹೋಗ್ಲಿ ಬಿಡವಾ. ಏನೂ ವ್ಯರ್ಥ ಆಗ್ಲಿಲ್ಲ. ಅದರ ನೆವದಾಗ ನೀ ಮನ್ಯಾಗ ಇದ್ದಿ, ಆಕಿ ಎದ್ದು ಕೂಡೂ ಹಂಗ ಆದ್ಲು."

ಇಲ್ಲೇ ಕೂತು ಆಗುವುದಿಲ್ಲ, ಇನ್ನು ಮೇಲೆ ದಿನಾ ಹೋಗಬೇಕು ಎಂದೆ. ಗಂಡ ನಿಜವಾಗಿ ಸಹಾಯ ಮಾಡುವ ಮನಸ್ಸಿನಿಂದಲೇ ಹೇಳಿದರು:

"ಈ ಸಲ ಸ್ಯಾಂಪಲ್ ಒಳಗ ಅದನೋ ಇಲ್ಲೋ ಅಂತ ದಿನಾ ಒಂದ್ ಫೋನ್ ಮಾಡಿ ಕೇಳಿದ್ರ ಆತಲ್ಲ?"

ಅನ್ನದ ಪಾತ್ರೆಯನ್ನು ನೆಲಕ್ಕೆ ಕುಕ್ಕಿ ಎದ್ದೆ. ನನ್ನ ಮದುವೆಯಾದ ಮೇಲೆ ಆ ಮನೆಯಲ್ಲಿ ನಾನು ಪಾತ್ರೆ ಕುಕ್ಕಿದ್ದು ಅದೇ ಮೊದಲು. ಮರುದಿನ ಮಾವನವರೇ "ಹೋಗವಾ, ನಾವು ಹೆಂಗರ ಮಾಡಿ ನಡಸ್ತೀವಿ" ಎಂದರು. ಮತ್ತೊಬ್ಬ ಹೆಂಗಸನ್ನು ಹುಡುಕಿ ಇಟ್ಟರು. ನಾನು ಹೋದೆ. ನನ್ನ ಗಾಜನ್ನು ನನ್ನ ಕೈಯಾರೆ ಹೋಲ್ಡರಿನಲ್ಲಿ ಸಿಕ್ಕಿಸಿ, ಕೆಂಪು ದೀಪ ಆರಿಸಿ, ಗುಂಡಿಗಳನ್ನು ಒತ್ತಿ, ಹಳೆಯ ಹಾಗೆ ನೋಡುತ್ತ ಬರೆಯುತ್ತ ಕೂತೆ. ಅಂಕೆಗಳು ದಸರೆಯ ಮುಂಚಿನ ಹಾಗೇ ಬಂದವು. ಗಾಜಿಗೆ ಏನೂ ಆಗಿರಲಿಲ್ಲ. ಬಸ್ಸಿನಲ್ಲಿ ಮನೆಗೆ ಬರುವಾಗ ಕಿಟಕಿಯ ಗಾಳಿಗೆ ಮುಖವೊಡ್ಡಿ, ಇದು ಆಗುತ್ತದೆ, ಇನ್ನೂ ಆಗುತ್ತದೆ ಎಂದು ಅಂದುಕೊಳ್ಳುತ್ತಿದ್ದೆ.

ಒಂದು ವಾರವೂ ಆಗಿರಲಿಕ್ಕಿಲ್ಲ. ಸಂಜೆ ಬಂದಾಗ ಅತ್ತೆಯ ಕೋಣೆಯ ಬಾಗಿಲಲ್ಲೇ ವಾಸನೆ ಬಂತು. ಬೆಳಿಗ್ಗೆಯಿಂದ ಒದ್ದೆಯಲ್ಲೇ ಮಲಗಿದ್ದರು. ಇಟ್ಟ ಹೆಂಗಸನ್ನು ಹತ್ತಿರ ಬಿಟ್ಟುಕೊಂಡಿರಲಿಲ್ಲ, ಮಾವನವರಿಗೆ ಅವರನ್ನು ಎತ್ತಿ ಹೊರಳಿಸಲು ಆಗುತ್ತಿರಲಿಲ್ಲ. ಮಾವನವರು ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು, ಮುಖ ಎತ್ತದೆ ಕೂತಿದ್ದರು. ನಾನು ಹೋದ ದಿನದಿಂದಲೂ ಹೀಗೇ ಇತ್ತಂತೆ, ನಾನು ಬರುವ ಹೊತ್ತಿಗೆ ಸರಿಯಾಗಿ ಮಾವನವರು ಹೇಗೋ ಎಳೆದಾಡಿ ಚಾದರವನ್ನಷ್ಟೇ ಬದಲಿಸಿ ಇಡುತ್ತಿದ್ದರಂತೆ. ಅಂದು ಅವರಿಂದ ಆಗಿರಲಿಲ್ಲ. ಅತ್ತೆಯನ್ನು ಮಗ್ಗುಲಾಗಿ ಹೊರಳಿಸಿದೆ. ಸೊಂಟದ ಕೆಳಗೆ ಚರ್ಮ ಕೆಂಪಾಗಿ ಕಿತ್ತುಬಂದಿತ್ತು.

ಮರುದಿನ ನಾನು ಹೋಗಲಿಲ್ಲ. ಅದರ ಮರುದಿನವೂ. ಗೈಡಿಗೆ ಫೋನು ಮಾಡಿ ಹೇಳಿದೆ. ಅವರು, ಸರಿ, ಅತ್ತೆಯವರನ್ನು ಚೆನ್ನಾಗಿ ನೋಡಿಕೋ ಎಂದರು. ಬೇಸಿಗೆ ಕಳೆಯಿತು, ನೋಂದಣಿಯೂ ಕಳೆಯಿತು. ನಾನು ಹಾಕಿದ ಕಾರ್ಡು, ಬರೆದ ಪ್ರೋಗ್ರಾಮು ಅಲ್ಲಿ ಎಷ್ಟೋ ವರ್ಷ ನಡೆಯಿತಂತೆ, ಅದರ ಮೇಲೆ ಒಬ್ಬರಿಬ್ಬರು ಪಿಎಚ್‌.ಡಿ. ಮುಗಿಸಿದರಂತೆ. ಕೇಳಿದಾಗ ಸಂತೋಷ ಎಂದು ಹೇಳಿದೆ. ಸಂತೋಷವಾಗಿರಲಿಲ್ಲ.

ಆ ಬೇಸಿಗೆಯ ಒಂದು ಬೆಳಿಗ್ಗೆ ಅತ್ತೆಯ ಬೆನ್ನು ಒರೆಸುತ್ತಿದ್ದೆ. ಹುಣ್ಣು ಮಾಯುತ್ತ ಬಂದಿತ್ತು. ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಲಕ್ವ ಹೊಡೆದ ಮೇಲೆ ಒಂದು ಮಾತು ಆಡಲು ಅವರಿಗೆ ಬಹಳ ಹೊತ್ತು ಹಿಡಿಯುತ್ತಿತ್ತು, ಆದರೆ ಆಡಿದ್ದು ಸ್ಪಷ್ಟವಾಗಿರುತ್ತಿತ್ತು.

"ನನ್ನ ಸಲುವಾಗಿ," ಅಂದರು. ಉಸಿರು ತೆಗೆದುಕೊಂಡರು. "ನನ್ನ ಸಲುವಾಗಿ ನಿಂದೆಲ್ಲಾ ಹೋತಲ್ಲ ತಂಗಿ."

ಹಾಗೆಲ್ಲ ಅನ್ನಬ್ಯಾಡ್ರಿ ಅತ್ಯಾ, ನಿಮ್ಮ ಸಲುವಾಗಿ ಅಲ್ಲ ಎಂದು ನಾನು ಅನ್ನಬೇಕಾಗಿತ್ತು. ಯಾವ ಸೊಸೆಯಾದರೂ ಅನ್ನುತ್ತಾಳೆ, ಅವರೂ ಅದಕ್ಕಾಗಿ ಕಾಯುತ್ತಿದ್ದರು. ಕುತ್ತಿಗೆ ಒಂದಿಷ್ಟು ನನ್ನ ಕಡೆ ತಿರುಗಿತ್ತು. ನಾನು ಬಿಸಿನೀರಿಗೆ ಬಟ್ಟೆ ಅದ್ದಿ ಹಿಂಡಿದೆ. ಅವರು ಮತ್ತೆ ಗೋಡೆಯ ಕಡೆ ತಿರುಗಿದರು. ಉಳಿದ ಬೆನ್ನು ಒರೆಸಿ, ಪೌಡರು ಹಾಕಿ, ರವಿಕೆಯ ಗುಂಡಿ ಹಚ್ಚಿದೆ.